ಯಾವ ಪದವಿ ಎಂದು ತೋಚದಾಗ

ಪ್ರಶ್ನೆ: ನಮ್ಮದು ಮೂಡಿಗೆರೆ ಕಡೆಯ ಸಣ್ಣ ಕಾಫಿ ತೋಟ. ದ್ವಿತೀಯ ಪಿಯುಸಿ ವಿಜ್ಞಾನ ಮುಗಿಸಿದ್ದೇನೆ. ಅಪ್ಪ ಬಿ.ಕಾಂ. ಎನ್ನುತ್ತಾರೆ, ಗೆಳತಿಯರು ಬಿ.ಸಿ.ಎ. ಎನ್ನುತ್ತಾರೆ. ನನಗೇನೂ ತೋಚುತ್ತಿಲ್ಲ.

ಉತ್ತರ: ಮಗಳೇ, ಈ ವಯಸ್ಸಿನಲ್ಲಿ ತೋಚದಿರುವುದು ಸಹಜ, ಗಾಬರಿಯಾಗಬೇಡ. ಹಾಸನದಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದಾಗ, ಪಕ್ಕದವರ ಅರ್ಜಿ ನೋಡಿ ವಿಷಯ ಬರೆದುಕೊಳ್ಳುವ ಮಕ್ಕಳನ್ನು ಕಂಡು ಸಂಕಟಪಟ್ಟಿದ್ದೇನೆ.

ಕಾಲೇಜಿನ ಗ್ರಂಥಾಲಯದಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳನ್ನು ಕೇಳಿ ಪಡೆದು ಓದು. ಯಾವ ವಿಷಯದ ಉತ್ತರ ತಿಳಿಯುವ ಆಸೆ ಹುಟ್ಟುತ್ತದೆಯೋ ಅದನ್ನು ಗುರುತು ಹಾಕಿಕೋ. ಬಿಳಿ ಕಾಂಡಕೊರಕ ಹುಳು ಹಿಡಿದ ಅರೇಬಿಕಾ ಕಾಫಿ ಗಿಡವನ್ನು ಕಿತ್ತು ಸುಡುವ ಮೊದಲು, ಕಾಂಡ ಸೀಳಿ ಹುಳು ಕೊರೆದ ಸುರಂಗವನ್ನು ನೋಡಬೇಕೆನಿಸುತ್ತದೆಯೇ? ಹಾಗಿದ್ದರೆ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರಗಳಿರುವ ಬಿ.ಎಸ್ಸಿ. ನಿನಗೆ ಒಗ್ಗುತ್ತದೆ. ನಿಮ್ಮ ಜಿಲ್ಲೆಯ ಬಾಳೆಹೊನ್ನೂರಿನಲ್ಲೇ 1925ರಲ್ಲಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರವಿದೆ. ಅಪ್ಪನ ಜೊತೆ ಒಮ್ಮೆ ಹೋಗಿ ಬಾ.

ಅಪ್ಪನಿಗೆ ಇನ್ನೊಂದು ಮಾತು ತಿಳಿಸು. ಬಿ.ಎಸ್ಸಿ. ಮುಗಿಸಿದವರು ಮುಂದೆ ಎಂ.ಬಿ.ಎ. ಓದಬಹುದು; ಬಿ.ಕಾಂ. ಮುಗಿಸಿದವರು ಸಾಮಾನ್ಯವಾಗಿ ಸಸ್ಯಶಾಸ್ತ್ರದ ಎಂ.ಎಸ್ಸಿ.ಗೆ ಬರಲಾಗದು. ಎಲ್ಲ ಕಾಲೇಜುಗಳಲ್ಲೂ ಎಲ್ಲ ವಿಷಯಗಳ ಜೋಡಣೆ ಇರುವುದಿಲ್ಲ. ಶುಲ್ಕ ಕಟ್ಟುವ ಮೊದಲೇ ವಿಭಾಗದ ಅಧ್ಯಾಪಕರನ್ನು ಕಂಡು ಕೇಳು, ಪ್ರಯೋಗಾಲಯವನ್ನೂ ಕಣ್ಣಾರೆ ನೋಡು.