ಹದಿನಾಲ್ಕನೇ ಉತ್ತರ ಬರೀಬೇಡಿ ಮೇಡಂ

ಮೇಡಂ, ಮನುಷ್ಯ ಚಂದ್ರನ ಮೇಲೆ ಇಳಿದೇ ಇಲ್ಲ ಅಂತ ನಮ್ಮ ಗುಂಪಲ್ಲಿ ಕೆದಕ್ತಿರೋ ಆ ಮಹಾಶಯರಿಗೆ ನಿನ್ನೆ ರಾತ್ರಿಯಿಂದ ನೀವು ಕೊಟ್ಟ ಉತ್ತರ ಎಣಿಸಿದೆ, ಹದಿಮೂರು. ಚಂದ್ರನ ಮೇಲೆ ತೆಗೆದ ಫೋಟೋದಲ್ಲಿ ನಕ್ಷತ್ರ ಯಾಕಿಲ್ಲ ಅಂದ್ರು, ಬಿಸಿಲಿಗೆ ಹೊಳೆಯೋ ನೆಲಕ್ಕೆ ಕ್ಯಾಮೆರಾ ಹೊಂದಿಸಿದ್ರೆ ಮಂದ ನಕ್ಷತ್ರ ಬರಲ್ಲ ಅಂತ ಎಕ್ಸ್‌ಪೋಷರ್ ವಿವರಿಸಿದ್ರಿ. ಅದಕ್ಕೆ ಹೂಂ ಇಲ್ಲ ಉಹೂಂ ಇಲ್ಲ, ಗಾಳಿಯಿಲ್ಲದ ಕಡೆ ಬಾವುಟ ಹೇಗೆ ಬಿಚ್ಚಿಕೊಂಡಿತ್ತು ಅಂತ ಬಾವುಟಕ್ಕೆ ಹಾರಿದ್ರು. ಮೇಲೆ ಅಡ್ಡಕಂಬಿ ಇತ್ತು ಅಂದ್ರಿ, ಭೂಮಿ ಸುತ್ತ ಇರೋ ವಿಕಿರಣದ ವ್ಯಾನ್ ಅಲೆನ್ ಪಟ್ಟಿಗೆ ಹೋದ್ರು. ಈಗ "ತಪ್ಪು ತಿಳೀಬೇಡಿ, ಕಲಿಯೋ ಆಸೆ ಅಷ್ಟೇ" ಅಂತ ಮತ್ತೆ ನಕ್ಷತ್ರಕ್ಕೇ ಬಂದಿದ್ದಾರೆ. ಇದು ಅಪ್ಪಟ ಸೀಲಯನಿಂಗ್, ಅಂದ್ರೆ ಕಲಿಯೋ ನೆಪದಲ್ಲಿ ವಿನಯವಾಗಿ ಕೇಳ್ತಾನೇ ಇದ್ದು ಎದುರಿನವರನ್ನ ಸುಸ್ತು ಮಾಡೋದು. ಈ ಹೆಸರು ಹುಟ್ಟಿದ 2014ರ ಕಾಮಿಕ್‌ನಲ್ಲಿ ಸಮುದ್ರಸಿಂಹ (ಸೀ ಲಯನ್) ಮಲಗೋ ಕೋಣೆಗೂ ಬಂದು ವಿನಯವಾಗಿ ಪುರಾವೆ ಕೇಳುತ್ತಲ್ಲ, ಅದೇ.

ನಾನೂ ಇದೇ ಗುಂಡಿಗೆ ಬಿದ್ದವನು. ಬೇರೊಂದು ಗುಂಪಲ್ಲಿ ಮೂರು ರಾತ್ರಿ ಕೂತು ಬರೆದೆ. ಅಪೊಲೊ 11, 14, 15ರವರು ಚಂದ್ರನ ಮೇಲೆ ಬಿಟ್ಟು ಬಂದ ಪ್ರತಿಫಲಕಗಳು, ಅವಕ್ಕೆ ಲೇಸರ್ ಹಾಯಿಸಿ ದೂರ ಅಳೆಯೋದು, ಚಂದ್ರನನ್ನ ಸುತ್ತೋ ನಾಸಾ ನೌಕೆ ಎಲ್‌ಆರ್‌ಒ ತೆಗೆದ, ಅವರು ಇಳಿದ ಜಾಗದ ಚಿತ್ರ, ಎಲ್ಲ ಲಿಂಕ್ ಸಮೇತ. ಕಳಿಸಿ ನಲವತ್ತು ಸೆಕೆಂಡ್ ಆಗಿಲ್ಲ, ಮುಂದಿನ ಪ್ರಶ್ನೆ. ಆರು ಲಿಂಕು ಅಷ್ಟರಲ್ಲಿ ಯಾರು ಓದ್ತಾರೆ? ಆಗಲೇ ಹೊಳೀಬೇಕಿತ್ತು. ಮೂರನೇ ರಾತ್ರಿ ಎರಡು ಗಂಟೆಗೆ ತಾಳ್ಮೆ ಕೆಟ್ಟು "ತಲೇಲಿ ಏನಿದೆ ರೀ ನಿಮಗೆ" ಅಂತ ಬರೆದುಬಿಟ್ಟೆ. ಅವರು ಕಾಯ್ತಿದ್ದಿದ್ದೇ ಅದಕ್ಕೆ. ಆ ಒಂದು ಸಾಲಿನ ಸ್ಕ್ರೀನ್‌ಶಾಟ್ ಎಲ್ಲ ಕಡೆ ಓಡಾಡಿತು, "ನೋಡಿ, ಪ್ರಶ್ನೆ ಕೇಳಿದ್ರೆ ಬೈತಾರೆ" ಅಂತ. ಲಿಂಕ್‌ಗಳ ಕಡೆ ಒಬ್ಬರೂ ತಿರುಗಿ ನೋಡಲಿಲ್ಲ.

ಆಮೇಲಿಂದ ನನ್ನ ಮದ್ದು ಒಂದೇ. ಎರಡು ಪ್ರಶ್ನೆಗೆ ನೆಟ್ಟಗೆ ಉತ್ತರ. ಮೂರನೆಯದಕ್ಕೆ ತಿರುಗಿ ಕೇಳ್ತೀನಿ: "ಮೊದಲನೇ ಉತ್ತರದಲ್ಲಿ ಏನು ಒಪ್ಪಿಗೆ ಆಗಲಿಲ್ಲ? ಎಂಥ ಪುರಾವೆ ಸಿಕ್ಕರೆ ಒಪ್ತೀರಿ, ಈಗಲೇ ಬರೆದಿಡಿ." ಕಲಿಯೋಕೆ ಬಂದವರು ಏನಾದ್ರೂ ಬರೀತಾರೆ. ಇವರು ಬರೆಯಲ್ಲ, ಬರೆದರೆ ಆಮೇಲೆ ಗೋಲ್‌ಪೋಸ್ಟ್ ಜರುಗಿಸೋಕೆ ಆಗಲ್ಲವಲ್ಲ. ನಾನು ಅಲ್ಲಿಗೇ ನಿಲ್ಲಿಸ್ತೀನಿ. ಕೊನೇ ಮಾತು ಅವರದೇ ಆಗುತ್ತೆ, ಹೊಟ್ಟೆ ಉರಿಯುತ್ತೆ, ಉರೀಲಿ. ಖಾಸಗಿ ಮೆಸೇಜಿಗಂತೂ ಹೋಗಲೇಬೇಡಿ.

ಹಾಗಂತ ಪ್ರಶ್ನೆ ಜಾಸ್ತಿ ಕೇಳಿದವರಿಗೆಲ್ಲ ಈ ಹಣೆಪಟ್ಟಿ ಹಚ್ಚೋದಲ್ಲ. ಹೋದ ತಿಂಗಳು ಹೊಸ ಹುಡುಗನೊಬ್ಬ ಕಾಲಿಮೇಶನ್ (ಟೆಲಿಸ್ಕೋಪಿನ ಕನ್ನಡಿ ನೇರ ಮಾಡೋದು) ಬಗ್ಗೆ ಇಪ್ಪತ್ತು ಸಲ ಕೇಳಿದ ಅಂತ ನಮ್ಮವರೇ ಕೆಲವರು ಅವನನ್ನ ಓಡಿಸಿದ್ರಿ. ಅವನ ಮಾತು ಒರಟು, ನಿಜ. ಆದ್ರೆ ಒಂದೊಂದು ಪ್ರಶ್ನೆಯೂ ಹಿಂದಿನ ಉತ್ತರಕ್ಕೆ ಅಂಟಿಕೊಂಡೇ ಇತ್ತು: ಯಾವ ಸ್ಕ್ರೂ, ಎಷ್ಟು ತಿರುಗಿಸಲಿ, ತಿರುಗಿಸಿದೆ ಈಗ ಹೀಗೆ ಕಾಣ್ತಿದೆ. ಅವನನ್ನ ಓಡಿಸಿ ಈ ವಿನಯವಂತರನ್ನ ಇಟ್ಕೊಂಡಿದ್ದೀವಿ!

ಅಡ್ಮಿನ್‌ಗಳೇ, ಇಂಥದ್ದಕ್ಕೆಲ್ಲ ಒಂದೇ ಸಲ ಉತ್ತರ ಬರೆದು ಪಿನ್ ಮಾಡಿ. ವಾಟ್ಸಾಪ್ ಪಿನ್ ಹೆಚ್ಚೆಂದರೆ 30 ದಿನ, ಟೆಲಿಗ್ರಾಂದು ನಾವೇ ತೆಗೆಯೋವರೆಗೂ ಇರುತ್ತೆ. ಅಲ್ಲಿಗೆ ಹೋಗೋಣ ಅಂತ ಎಷ್ಟು ಸಲ ಬಡ್ಕೊಳ್ಳೋದು.

ನಕ್ಷತ್ರದ ಪ್ರಶ್ನೆಗಾದ್ರೆ ಬರಹಕ್ಕಿಂತ ಫೋಟೋ ಹಾಕಿ ಮೇಡಂ. ಹುಣ್ಣಿಮೆ ದಿನ ಕ್ಯಾಮೆರಾನ ಐಎಸ್‌ಒ 100, ಎಫ್11, 1/100 ಸೆಕೆಂಡಿಗೆ ಇಟ್ಟು ಚಂದ್ರನ ಫೋಟೋ ತೆಗೀರಿ. ಚಂದ್ರನ ಕಲೆ ಎಲ್ಲ ನೀಟಾಗಿ ಬರುತ್ತೆ, ಸುತ್ತ ಬರೀ ಕಪ್ಪು, ನಕ್ಷತ್ರ ಇಲ್ಲ. ಮೊಬೈಲ್ ಆಟೋದಲ್ಲಿ ತೆಗೀಬೇಡಿ, ಬಿಳೀ ಬಲ್ಬ್ ಥರ ಬರುತ್ತೆ. ಮೋಡ ತೆಳ್ಳಗಿದ್ರೆ 1/50 ಮಾಡ್ಕೊಳ್ಳಿ.