ಕೊಳ್ಳಿದೆವ್ವ ಕಂಡರೆ ಜಗಲಿಯಲ್ಲೇ ಕೂತಿರಿ

ಪ್ರಶ್ನೆ: ಸಕಲೇಶಪುರದ ಕಡೆಯವರು ನಾವು. ತೋಟದ ಕೆಳಗಿನ ಪಾಳು ಗದ್ದೆಯಲ್ಲಿ ರಾತ್ರಿ ಬೆಳಕು ಕಾಣುತ್ತದೆ. ಹತ್ತಿರ ಹೋದರೆ ದೂರ ಸರಿಯುತ್ತದೆ. ಅಪ್ಪ ಕೊಳ್ಳಿದೆವ್ವ ಅಂತಾರೆ, ಮಗಳು ಮೀಥೇನ್ ಅಂತಾಳೆ. ಶಾಂತಿ ಮಾಡಿಸೋಕೆ ಒಬ್ಬರು ಹದಿನೈದು ಸಾವಿರ ಕೇಳಿದ್ದಾರೆ. ಏನು ಮಾಡೋಣ?

ಉತ್ತರ: ಆ ಹದಿನೈದು ಸಾವಿರ ಕೊಡಬೇಡಿ. ಪ್ರತಿ ವರ್ಷ ಈ ಪ್ರಶ್ನೆ ಬರುತ್ತದೆ, ಜೊತೆಗೆ ದುಡ್ಡು ಕೇಳುವವನೊಬ್ಬ ಇದ್ದೇ ಇರುತ್ತಾನೆ. ನಿಮ್ಮ ಮುಖದ ಭಯ ನೋಡಿ ರೇಟು ಹೇಳುವ ಜನ ಅವರು. ಅಂಗಳಕ್ಕೂ ಸೇರಿಸಬೇಡಿ.

ಮಗಳ ಮಾತು ಅರ್ಧ ಸರಿ. ಕೆಸರಿನೊಳಗೆ ಹುಲ್ಲು, ಎಲೆ ಗಾಳಿಯಿಲ್ಲದೆ ಕೊಳೆತರೆ ಮೀಥೇನ್ ಹುಟ್ಟುತ್ತದೆ. 1776ರಲ್ಲಿ ಇಟಲಿಯ ವಿಜ್ಞಾನಿ ವೋಲ್ಟಾ, ಅಲ್ಲಿನ ಮ್ಯಾಜೊರೆ ಸರೋವರದ ಕೆಸರು ಕಲಕಿ ಹಿಡಿದದ್ದು ಇದೇ ಗ್ಯಾಸನ್ನು. ಪಾಳು ಗದ್ದೆಯಲ್ಲಿ ನಾನೂ ಹಿಡಿದಿದ್ದೇನೆ. ನೀರು ತುಂಬಿದ ಬಾಟಲಿಯನ್ನು ಬೋರಲು ಹಿಡಿದು, ಬಾಯಿಗೆ ಆಲಿಕೆ ಕೊಟ್ಟು, ಕೆಳಗಿನ ಕೆಸರನ್ನು ಕೋಲಲ್ಲಿ ತಿವಿದರೆ ಗುಳುಗುಳು ಅಂತ ಗುಳ್ಳೆ ಏರುತ್ತವೆ. ಕಡ್ಡಿ ಗೀರಿ ಹಿಡಿದರೆ ಮಾಸಲು ನೀಲಿ ಉರಿ ಪಕ್ ಅಂತ ಬಂದು ಹೋಗುತ್ತದೆ.

ಆದರೆ ಕಡ್ಡಿ ಗೀರಲೇಬೇಕು! ಮೀಥೇನ್ ತಾನಾಗಿ ಹೊತ್ತಿಕೊಳ್ಳುತ್ತದೆ ಅಂತ ಮೇಷ್ಟ್ರುಗಳೇ ಹೇಳಿಕೊಡುವುದು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಗೋಬರ್ ಗ್ಯಾಸಿನಲ್ಲೂ ಜಾಸ್ತಿ ಇರೋದು ಮೀಥೇನೇ ಅಲ್ವಾ? ಆ ಒಲೆ ಎಂದಾದರೂ ತಾನಾಗಿ ಹೊತ್ತಿದ್ದುಂಟಾ? ಕಿಡಿಯಿಲ್ಲದೆ ಹೊತ್ತಬೇಕಾದರೆ 500 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾವು ಬೇಕು.

ಹಾಗಾದರೆ ಕಿಡಿ ಎಲ್ಲಿಂದ? ಗಾಳಿ ಸೋಕಿದರೆ ಸಾಕು, ಹೊತ್ತಿಕೊಳ್ಳುವ ಡೈಫಾಸ್ಫೇನ್ ಅನ್ನೋದೊಂದಿದೆ. ಬಹಳ ಕಾಲ ಅದರ ಮೇಲೇ ಅನುಮಾನ ಇತ್ತು. 2025ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ರಿಚರ್ಡ್ ಝೇರ್ ತಂಡ, ನೀರಲ್ಲಿ ಏಳುವ ಮೀಥೇನಿನ ಸಣ್ಣ ಗುಳ್ಳೆಗಳ ನಡುವೆ ಕಿರುಮಿಂಚು ಹಾರುವುದನ್ನು ತೋರಿಸಿತು. ನನಗೆ ಬಹಳ ಹಿಡಿಸಿದ ಕೆಲಸ ಅದು. ಆದರೂ ಅದು ಲ್ಯಾಬಿನಲ್ಲಿ ಕಂಡದ್ದು, ಗದ್ದೆಯಲ್ಲಲ್ಲ.

ನಿಮ್ಮ ಬೆಳಕಿನ ಬಗ್ಗೆ ನನಗೆ ಬೇರೆಯೇ ಅನುಮಾನ. ಹೋದಷ್ಟೂ ದೂರ ಸರಿಯುತ್ತದೆ ಅಂದಿರಲ್ಲ, ಅದು ಮೊದಲಿಂದಲೂ ದೂರದಲ್ಲೇ ಇದ್ದಿರಬಹುದು. ಎದುರು ಗುಡ್ಡದಲ್ಲಿ ತಿರುವು ಹೊಡೆಯುವ ಲಾರಿ, ಆನೆ ಕಾಯುವವರ ಟಾರ್ಚು. ಕಗ್ಗತ್ತಲಲ್ಲಿ ಒಂಟಿ ದೀಪವನ್ನೇ ನೋಡುತ್ತಾ ನಿಂತರೆ, ದೀಪ ಅಲುಗದಿದ್ದರೂ ಅಲುಗಿದ ಹಾಗೆ ಕಾಣುತ್ತದೆ. ಹೋಲಿಸಿ ನೋಡೋಕೆ ಪಕ್ಕದಲ್ಲಿ ಕಣ್ಣಿಗೆ ಬೇರೇನೂ ಸಿಗುವುದಿಲ್ಲ.

ಜಗಲಿಯ ಕಂಬಕ್ಕೆ ತಲೆ ಆನಿಸಿ ಕೂರಿ. ಬೆಳಕು ಕಂಡ ನೇರಕ್ಕೆ ಜಗಲಿಯ ಅಂಚಿಗೆ ಸೀಮೆಸುಣ್ಣದ ಗುರುತು ಹಾಕಿ, ಗಂಟೆ ಬರೆದಿಡಿ. ಮತ್ತೆ ಕಂಡಾಗ ಜಗಲಿಯ ಇನ್ನೊಂದು ತುದಿಯ ಕಂಬದಿಂದ ಹಾಗೇ ಮಾಡಿ. ಹಗಲಲ್ಲಿ ಎರಡೂ ಕಡೆ ಕೂತು ಗುರುತಿನ ನೇರಕ್ಕೆ ನೋಡಿ. ಎರಡೂ ನೇರ ಗದ್ದೆಯಲ್ಲಿ ಕೂಡಿದರೆ ಬೆಳಕು ಗದ್ದೆಯದು. ಗದ್ದೆ ದಾಟಿ ರಸ್ತೆಯ ಹತ್ತಿರ ಕೂಡಿದರೆ ಅಪ್ಪನಿಗೆ ಆ ರಸ್ತೆಯನ್ನೇ ತೋರಿಸಿ.

ರಾತ್ರಿ ಮಾತ್ರ ಕೆಳಗಿಳಿಯಬೇಡಿ. ಸಕಲೇಶಪುರ, ಆಲೂರು, ಬೇಲೂರು ಕಡೆ ಕತ್ತಲಲ್ಲಿ ಗದ್ದೆಗೆ ಇಳಿದರೆ ಆನೆ ಎದುರಾಗಬಹುದು. ಹುದುಲಿನಲ್ಲಿ ಕಾಲು ಹೂತರೆ ಓಡೋಕೂ ಆಗಲ್ಲ. ಟಾರ್ಚ್ ಇದೆ, ನಾಲ್ಕು ಜನ ಇದ್ದೇವೆ ಅನ್ನೋದನ್ನೆಲ್ಲ ನಾನು ಒಪ್ಪುವುದಿಲ್ಲ.

ಪ್ರಶ್ನೆ: ಬೆಳಕು ಕಂಡಲ್ಲಿ ನಿಧಿ ಇರುತ್ತಾ? (ಕಡೂರು)

ಉತ್ತರ: ಇಲ್ಲ. ನಿಧಿಗಾಗಿ ವಾಮಾಚಾರ ಮಾಡಿಸುವುದು ವಾಮಾಚಾರ ತಡೆಯುವ ಕರ್ನಾಟಕದ 2017ರ ಕಾಯ್ದೆಯಲ್ಲಿ ಅಪರಾಧ.

ಪ್ರಶ್ನೆ: ಮಳೆಗಾಲದಲ್ಲಿ ಕೊಳೆತ ಮರ ಹಸಿರಾಗಿ ಹೊಳೆಯುತ್ತದೆ. ಅದೂ ಇದೇನಾ? (ಕೊಪ್ಪ)

ಉತ್ತರ: ಅಲ್ಲ, ಅದು ಅಣಬೆಯ ಬೆಳಕು. ನೋಡಿ ಖುಷಿಪಡಿ, ತಿನ್ನಬೇಡಿ.

ಪ್ರಶ್ನೆ: ಗೋಬರ್ ಗ್ಯಾಸ್ ಕಮ್ಮಿ ಬರ್ತಿದೆ. ಗುಂಡಿಗೆ ಇಳಿದು ಕಲಕಲಾ? (ಅರಕಲಗೂಡು)

ಉತ್ತರ: ಇಳಿಯಲೇಬೇಡಿ. ಅಲ್ಲಿನ ವಿಷಗಾಳಿ ನಿಮಿಷದಲ್ಲಿ ಪ್ರಜ್ಞೆ ತಪ್ಪಿಸುತ್ತದೆ. ಬಿದ್ದವರನ್ನು ಎತ್ತೋಕೆ ಅಂತ ಇಳಿದವರೂ ಸತ್ತಿದ್ದಾರೆ. ಹೊರಗಿನಿಂದಲೇ ಸರಿಮಾಡುವ ಕೆಲಸ ಗೊತ್ತಿದ್ದವರನ್ನು ಕರೆಸಿ.