ಹಳೆ ಟಗ್‌ನ ಸಿಒ2 ಸಿಲಿಂಡರ್: ಸೀಲ್ ಒಡೆದಿಲ್ಲ ಅಂದರೆ ಸಾಕೇ?

ನೀವು ಬರೆದದ್ದರಿಂದ ನನಗೆ ಅರ್ಥವಾಗಿದ್ದು ಇಷ್ಟು. ಇಬ್ಬರು ಪಾಲುದಾರರ ಜೊತೆ ಸೇರಿ ಹಳೆ ಟಗ್ ಒಂದನ್ನು, ಅಂದರೆ ದೊಡ್ಡ ಹಡಗುಗಳನ್ನು ಎಳೆಯುವ ಬೋಟನ್ನು, ತಗೊಂಡಿದ್ದೀರಿ. ಇಂಜಿನ್ ರೂಮು 7 ಮೀಟರ್ ಉದ್ದ, 5.5 ಅಗಲ, 3 ಎತ್ತರ. ಬೆಂಕಿ ಹತ್ತಿದರೆ ಅದರೊಳಗೆ ಬಿಡಲು ತಲಾ 45 ಕೆಜಿ ಸಿಒ2 (ಇಂಗಾಲದ ಡೈಆಕ್ಸೈಡ್) ತುಂಬುವ ಎರಡು ಸಿಲಿಂಡರ್ ಇವೆ. ಸೀಲ್ ಒಡೆದಿಲ್ಲ, ಸೋರುವ ಸದ್ದಿಲ್ಲ, ಪೈಲಟ್ ಬಾಟಲಿಯ (ದೊಡ್ಡ ಸಿಲಿಂಡರಿನ ವಾಲ್ವ್ ತೆರೆಸುವ ಸಣ್ಣ ಬಾಟಲಿಯ) ಗೇಜ್ ಸರಿಯಾಗೇ ಇದೆ. ಆದರೂ ಹಡಗು ತಪಾಸಣೆ ಮಾಡುವ ಸರ್ವೇಯರ್ ತೂಕದ ಸರ್ಟಿಫಿಕೇಟ್ ಕೇಳುತ್ತಿದ್ದಾರೆ. ಇದು ದುಡ್ಡು ಕೀಳುವ ಉಪಾಯವೇ, ನಾವೇ ನೋಡಿಕೊಂಡರೆ ಆಗದೇ ಅಂತ ನಿಮ್ಮ ಪ್ರಶ್ನೆ.

ಸರ್ವೇಯರ್ ಕೇಳಿದ್ದು ಸರಿ. ಆದರೆ ಅದಕ್ಕಿಂತ ದೊಡ್ಡ ವಿಷಯ ಒಂದಿದೆ, ಅದನ್ನು ನೀವು ಕೇಳಿಲ್ಲ: ನಿಮ್ಮ ಇಂಜಿನ್ ರೂಮು ಪೂರ್ತಿ ಮುಚ್ಚುತ್ತದೆಯೇ? ನಾನು ಹದಿನೇಳು ವರ್ಷ ಹಡಗಿನ ಇಂಜಿನ್ ರೂಮಿನಲ್ಲೇ ಇದ್ದವನು. ಈಗ ಮಂಗಳೂರಿನಲ್ಲಿ ಕೂತು ಸಣ್ಣ ಹಡಗುಗಳ ಉಸ್ತುವಾರಿ ನೋಡುತ್ತೇನೆ. ತುಂಬಿದ ಸಿಲಿಂಡರ್ ಎಷ್ಟೋ ನೋಡಿದ್ದೇನೆ, ನೆಟ್ಟಗೆ ಮುಚ್ಚುವ ಇಂಜಿನ್ ರೂಮು ನೋಡಿದ್ದು ಅಪರೂಪ.

ಮೊದಲು ತೂಕದ ಮಾತು ಮುಗಿಸೋಣ. ಗೇಜ್ ನೋಡಿ ಗ್ಯಾಸ್ ಎಷ್ಟಿದೆ ಅಂತ ಹೇಳಲಾಗುವುದಿಲ್ಲ. ನೀವು ನೋಡಿದ ಗೇಜ್ ಪೈಲಟ್ ಬಾಟಲಿಯದ್ದು, ದೊಡ್ಡ ಸಿಲಿಂಡರಿಗೂ ಅದಕ್ಕೂ ಸಂಬಂಧವಿಲ್ಲ. ದೊಡ್ಡದಕ್ಕೆ ಗೇಜ್ ಇದ್ದರೂ ಅಷ್ಟೇ. ಒಳಗೆ ಸಿಒ2 ದ್ರವವಾಗಿರುತ್ತದೆ, ಮೇಲೆ ಅದರದೇ ಆವಿ. ತಳದಲ್ಲಿ ಒಂದು ಲೋಟ ದ್ರವ ಉಳಿದಿದ್ದರೂ ಒತ್ತಡ ಅಷ್ಟೇ ಇರುತ್ತದೆ, 20 ಡಿಗ್ರಿಯಲ್ಲಿ ಸುಮಾರು 57 ಬಾರ್. ಮನೆಯ ಅಡುಗೆ ಗ್ಯಾಸ್ ಕೊನೆಯ ದಿನದವರೆಗೂ ಒಂದೇ ಸಮ ಉರಿದು, ಒಗ್ಗರಣೆ ಹಾಕುವ ಹೊತ್ತಿಗೆ ಫಕ್ಕನೆ ಕೈಕೊಡುತ್ತದಲ್ಲ, ಹಾಗೆ.

ಹೊರಗಿನಿಂದ ಅಲ್ಟ್ರಾಸಾನಿಕ್ ಯಂತ್ರ ಹಿಡಿದು ಮಟ್ಟ ನೋಡುವವರೂ ಬರುತ್ತಾರೆ. ವಿಧಾನ ಒಳ್ಳೆಯದೇ, ಆದರೆ ನಮ್ಮ ಕರಾವಳಿಯಲ್ಲಿ ಒಂದು ತೊಡಕಿದೆ. 31 ಡಿಗ್ರಿ ದಾಟಿದರೆ ಸಿಒ2 ದ್ರವವೂ ಅಲ್ಲ, ಆವಿಯೂ ಅಲ್ಲ, ಒಳಗೆ ಮಟ್ಟ ಅನ್ನುವುದೇ ಇರುವುದಿಲ್ಲ. ಒಮ್ಮೆ ಮೇ ತಿಂಗಳ ಮಧ್ಯಾಹ್ನ ಒಬ್ಬ ಹುಡುಗ ಬೆವರು ಸುರಿಸುತ್ತಾ ಸಿಲಿಂಡರ್ ಉದ್ದಕ್ಕೂ ಪ್ರೋಬ್ ಉಜ್ಜಿ ಎಲ್ಲಕ್ಕೂ 'ಫುಲ್' ಅಂತ ಬರೆದುಕೊಂಡ. ಆ ಕೋಣೆಯಲ್ಲಿ 36 ಡಿಗ್ರಿ ಇತ್ತು. ಅವನು ಅಳೆದದ್ದು ಏನನ್ನು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ಆ ಯಂತ್ರ ಬಳಸುವುದಾದರೆ ಬೆಳಗಿನ ಜಾವ, ಲೋಹ ತಣ್ಣಗಿರುವಾಗ ಬಳಸಬೇಕು. ಇಲ್ಲವೇ ತೂಗಬೇಕು. ನಿಮ್ಮದು ಎರಡೇ ಸಿಲಿಂಡರ್, ತೂಗಿಸಿಬಿಡಿ.

ತೂಗುವಾಗ ಟೇರ್, ಅಂದರೆ ಖಾಲಿ ತೂಕ, ಸಿಲಿಂಡರಿನ ಹೆಗಲ ಮೇಲೆ ಕೆತ್ತಿರುತ್ತದೆ. ಹಳೆ ಬೋಟುಗಳಲ್ಲಿ ಅದರ ಮೇಲೆ ಏಳೆಂಟು ಪದರ ಪೇಂಟು ಕೂತಿರುತ್ತದೆ. ಪೇಂಟನ್ನು ಮೆತ್ತಗೆ ಕೆರೆದು ಸೀಮೆಸುಣ್ಣ ಉಜ್ಜಿ, ಮೇಲ್ಮೈಯನ್ನು ಬೆರಳಿಂದ ಒರೆಸಿ. ಗುಂಡಿಯಲ್ಲಿ ಕೂತ ಬಿಳಿ ಅಂಕಿ ಎದ್ದು ಕಾಣುತ್ತದೆ. ಹಿಂದಿನ ವರ್ಷದ ಸರ್ಟಿಫಿಕೇಟಿನಿಂದ ಟೇರ್ ನಕಲು ಮಾಡಬೇಡಿ. ಒಂದು ಬೋಟಿನಲ್ಲಿ ಎರಡು ಸಿಲಿಂಡರಿನ ಟೇರ್ ಅದಲುಬದಲಾಗಿ, ನಾಲ್ಕು ವರ್ಷ ಹಾಗೇ ನಡೆದುಬಂದಿತ್ತು. ಆ ಟೇರಿನಲ್ಲಿ ವಾಲ್ವ್ ಸೇರಿದೆಯೋ ಇಲ್ಲವೋ ಅನ್ನುವುದನ್ನೂ ಕೇಳಿ ತಿಳಿದುಕೊಳ್ಳಿ.

ಈಗ ನಿಮ್ಮ ಲೆಕ್ಕ. 7 × 5.5 × 3 ಅಂದರೆ 115.5 ಘನ ಮೀಟರ್. ಅದರ 40 ಶೇಕಡಾದಷ್ಟು ಗ್ಯಾಸ್ ಬೇಕು ಅನ್ನುವುದು ಹಡಗುಗಳ ಅಂತರರಾಷ್ಟ್ರೀಯ ನಿಯಮ, ಅಂದರೆ 46.2 ಘನ ಮೀಟರ್. ಒಂದು ಕೆಜಿ ಸಿಒ2 ಹೊರಬಂದರೆ 0.56 ಘನ ಮೀಟರ್ ಆಗುತ್ತದೆ ಅಂತ ಲೆಕ್ಕ. ಭಾಗಿಸಿದರೆ 82.5 ಕೆಜಿ. ನಿಮ್ಮಲ್ಲಿರುವುದು 90. ಒಂದು ಸಿಲಿಂಡರಿನಲ್ಲಿ ತುಂಬಿದ್ದರ 90 ಶೇಕಡಾಕ್ಕಿಂತ ಕಡಿಮೆಯಾದರೆ ಮತ್ತೆ ತುಂಬಿಸಬೇಕು ಅನ್ನುವುದು ನಿಯಮ, ಅಂದರೆ 40.5 ಕೆಜಿ ಇದ್ದರೆ ಪಾಸ್. ಆದರೆ ಎರಡೂ ಸಿಲಿಂಡರ್ 40.5ಕ್ಕೆ ಇಳಿದಿದ್ದರೆ? ಕಾಗದದಲ್ಲಿ ಎರಡೂ ಪಾಸ್, ಒಟ್ಟು 81 ಕೆಜಿ, ನಿಮ್ಮ ರೂಮಿಗೆ ಒಂದೂವರೆ ಕೆಜಿ ಕಡಿಮೆ. ಹಾಗಾಗಿ ಸರ್ಟಿಫಿಕೇಟ್ ಬಂದ ಕೂಡಲೇ ಫೈಲಿಗೆ ಹಾಕಬೇಡಿ, ಎರಡು ಅಂಕಿ ಕೂಡಿಸಿ ನೋಡಿ. ತುಂಬಿಸಬೇಕಾದರೆ ಪೆಸೊ (ಪೆಟ್ರೋಲಿಯಂ, ಸ್ಫೋಟಕಗಳ ಸುರಕ್ಷತೆ ನೋಡುವ ಕೇಂದ್ರ ಸರ್ಕಾರದ ಸಂಸ್ಥೆ) ಅನುಮತಿ ಇರುವ ಕಡೆಯೇ ತುಂಬಿಸಿ.

ಇನ್ನು ನಾನು ಹೇಳಬೇಕು ಅಂದುಕೊಂಡ ವಿಷಯ. 82.5 ಕೆಜಿಯ ಈ ಲೆಕ್ಕವೆಲ್ಲ ನಿಂತಿರುವುದು ರೂಮು ಮುಚ್ಚಿದೆ ಅನ್ನುವ ನಂಬಿಕೆಯ ಮೇಲೆ. ಸಿಒ2 ಬೆಂಕಿಯನ್ನು ತಣಿಸುವುದಿಲ್ಲ, ಆಮ್ಲಜನಕ ಸಿಗದ ಹಾಗೆ ಉಸಿರು ಕಟ್ಟಿಸುತ್ತದೆ, ಅಷ್ಟೇ. ಕಾದ ಕಬ್ಬಿಣ, ಎಕ್ಸಾಸ್ಟ್ ಪೈಪು, ಎಣ್ಣೆಯಲ್ಲಿ ನೆಂದ ಲ್ಯಾಗಿಂಗ್ (ಪೈಪಿಗೆ ಸುತ್ತಿದ ಶಾಖ ತಡೆಯುವ ಹೊದಿಕೆ) ಎಲ್ಲ ಹಾಗೇ ಕುದಿಯುತ್ತಿರುತ್ತವೆ. ಗ್ಯಾಸ್ ಒಂದು ಕಿಂಡಿಯಿಂದ ಸೋರಿ ಇನ್ನೊಂದರಿಂದ ಗಾಳಿ ನುಗ್ಗಿದರೆ ಬೆಂಕಿ ಮತ್ತೆ ಎದ್ದೇಳುತ್ತದೆ. ಎರಡನೇ ಸಲ ಬಿಡಲು ನಿಮ್ಮ ಹತ್ತಿರ ಗ್ಯಾಸ್ ಇರುವುದಿಲ್ಲ.

ಹಾಗಾಗಿ ಮಧ್ಯಾಹ್ನ ಹನ್ನೆರಡಕ್ಕೆ, ಬೋಟು ಕಟ್ಟಿ ಇಂಜಿನ್ ನಿಲ್ಲಿಸಿದಾಗ, ಒಂದು ಕೆಲಸ ಮಾಡಿ. ಮೊದಲು ಸಿಒ2 ಬಿಡುಗಡೆಗೆ ಲಾಕ್ ಹಾಕಿಸಿ, ಇದನ್ನು ಮರೆಯಬೇಡಿ. ಆಮೇಲೆ ಗಾಳಿ ಊದುವ ಬ್ಲೋವರಿನ ಫ್ಲ್ಯಾಪು, ಸೂರಿನ ಕಿಟಕಿ ಅಂದರೆ ಸ್ಕೈಲೈಟು, ಚಿಮಣಿ ಮುಚ್ಚುವ ಡ್ಯಾಂಪರು, ಬಾಗಿಲು, ಎಲ್ಲ ಮುಚ್ಚಿಸಿ. ಇಬ್ಬರು ಒಳಗಿರಿ, ಒಬ್ಬ ಹೊರಗೆ ಬಾಗಿಲ ಹತ್ತಿರ ಇರಲಿ. ದೀಪ ಆರಿಸಿ. ಎರಡು ನಿಮಿಷ ಕಣ್ಣು ಕತ್ತಲೆಗೆ ಹೊಂದಿಕೊಳ್ಳಲಿ. ಎಲ್ಲೆಲ್ಲಿ ಬೆಳಕಿನ ಗೆರೆ ಕಾಣುತ್ತದೋ ಅಲ್ಲೆಲ್ಲ ಗ್ಯಾಸ್ ಹೋಗುತ್ತದೆ. ಟಾರ್ಚ್ ಹಾಕಿ ಅಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ. ಯಾರೋ ಹೊಸ ಕೇಬಲ್ ಎಳೆಯಲು ಕೊರೆದು ಮುಚ್ಚದೆ ಬಿಟ್ಟ ತೂತು, ರಬ್ಬರು ಒಣಗಿ ಉದುರಿದ ಸ್ಕೈಲೈಟು, ಪೇಂಟಿನಲ್ಲಿ ಅಂಟಿಕೊಂಡು ಅರ್ಧಕ್ಕೇ ನಿಂತ ಫ್ಲ್ಯಾಪು, ಸಾಮಾನ್ಯವಾಗಿ ಇವೇ. ಇದನ್ನು ಮಾಡಲು ಯಾವ ಕಂಪನಿಯೂ ಬೇಡ. 'ನಾವೇ ನೋಡಿಕೊಳ್ಳಬಹುದೇ' ಅಂದಿರಲ್ಲ, ಇದನ್ನು ನೀವೇ ನೋಡಿಕೊಳ್ಳಬೇಕು.

ಸಣ್ಣ ಬೋಟುಗಳಲ್ಲಿ ಜನ ಮರೆಯುವುದು ಇನ್ನೊಂದು: ಇಂಜಿನ್ ನಿಲ್ಲಿಸುವುದು. ಡೀಸೆಲ್ ಇಂಜಿನ್ ಗಾಳಿ ಎಳೆದುಕೊಳ್ಳುವುದು ಅದೇ ರೂಮಿನಿಂದ. ಓಡುತ್ತಿದ್ದರೆ ನೀವು ಬಿಟ್ಟ ಸಿಒ2ವನ್ನೇ ಎಳೆದು ಚಿಮಣಿಯಿಂದ ಹೊರಗೆ ಉಗುಳುತ್ತದೆ. ಇಂಜಿನ್, ಜನರೇಟರ್, ಬ್ಲೋವರ್, ಎಣ್ಣೆಯ ಹರಿವನ್ನು ತಟ್ಟನೆ ನಿಲ್ಲಿಸುವ ಕ್ವಿಕ್ ಕ್ಲೋಸಿಂಗ್ ವಾಲ್ವ್ ಎಲ್ಲ ಮೊದಲು ಬಂದ್, ತಲೆ ಎಣಿಕೆ, ಆಮೇಲೆ ಗ್ಯಾಸ್.

ಇನ್ನು ಗ್ಯಾಸ್ ಹರಿಯುವ ಪೈಪು, ಅದರ ತುದಿಯಲ್ಲಿ ಗ್ಯಾಸ್ ಹೊರಬರುವ ನಾಜಲ್. ಜೂನ್, ಜುಲೈ ಎರಡು ತಿಂಗಳು ಮೀನುಗಾರಿಕೆ ನಿಷೇಧ ಇರುವಾಗ ದಕ್ಕೆಯಲ್ಲಿ ಕಟ್ಟಿದ ಬೋಟುಗಳಲ್ಲಿ ಏನಾಗುತ್ತದೆ ನೀವು ನೋಡಿರುತ್ತೀರಿ. ಮಳೆಗಾಲದಲ್ಲಿ ಸುಮ್ಮನೆ ನಿಂತ ಟಗ್ಗಿನಲ್ಲೂ ಅದೇ ಕತೆ. ಕುಂಬಾರ ಹುಳ ಗೂಡು ಕಟ್ಟಲು ಹುಡುಕುವುದೇ ಬೆರಳು ಗಾತ್ರದ ತೂತನ್ನು, ಸಿಒ2 ನಾಜಲ್ ಅದಕ್ಕೆ ಹೇಳಿ ಮಾಡಿಸಿದ ಹಾಗಿರುತ್ತದೆ. ಒಂದು ಬಾರ್ಜಿನಲ್ಲಿ ಆರು ನಾಜಲ್‌ಗಳಲ್ಲಿ ಎರಡರಿಂದ ಮಣ್ಣು ತೆಗೆದಿದ್ದೇನೆ, ಒಂದರಲ್ಲಿ ಒಣಗಿದ ಜೇಡಗಳೂ ಇದ್ದವು. ಸರ್ವಿಸಿನವರು ಒಣ ಗಾಳಿ ಅಥವಾ ನೈಟ್ರೋಜನ್ ಊದಿ ನೋಡುವಾಗ ಪ್ರತಿ ನಾಜಲ್‌ಗೂ ತೆಳು ಪ್ಲಾಸ್ಟಿಕ್ ಚೀಲ ಕಟ್ಟಿಸಿ. ಎಲ್ಲ ಚೀಲವೂ ಉಬ್ಬಬೇಕು. ಉಬ್ಬದ ಚೀಲದ ಫೋಟೋ ತೆಗೆದಿಡಿ.

ನೀವೇ ಮಾಡಬಾರದ ಕೆಲಸ ಅಂದರೆ ಸಿಲಿಂಡರ್ ತಲೆಯ ವಾಲ್ವ್, ಆ ವಾಲ್ವ್ ತೆರೆಸುವ ಆಕ್ಚುಯೇಟರ್, ಪೈಲಟ್ ಬಾಟಲಿಯಿಂದ ಬರುವ ಪೈಲಟ್ ಲೈನ್ ಬಿಚ್ಚುವುದು. ಇಲ್ಲಿ ಯಾವ ಧೈರ್ಯವೂ ಬೇಡ. 10 ಶೇಕಡಾ ಸಿಒ2 ಇರುವ ಗಾಳಿಯಲ್ಲಿ ಕೆಲವು ನಿಮಿಷಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಬೆಂಕಿ ಆರಿಸಲು ನಾವು ತುಂಬುವ ಪ್ರಮಾಣದಲ್ಲಿ ಮೆಟ್ಟಿಲು ಹತ್ತುವಷ್ಟು ಹೊತ್ತೂ ಸಿಗುವುದಿಲ್ಲ. ಗಾಳಿಗಿಂತ ಒಂದೂವರೆ ಪಟ್ಟು ಭಾರ, ಬಣ್ಣವಿಲ್ಲ, ನೆಲದ ಹತ್ತಿರ ಮಲಗಿರುತ್ತದೆ. ಬಿದ್ದವನನ್ನು ಎತ್ತಲು ಬಗ್ಗಿದವನೂ ಬೀಳುತ್ತಾನೆ. 2019ರ ಮೇ ತಿಂಗಳಲ್ಲಿ ಚೀನಾದ ಶಾಂಡಾಂಗ್ ಪ್ರಾಂತ್ಯದ ರೊಂಗ್‌ಚೆಂಗ್‌ನಲ್ಲಿ, ಬಂದರಿನಲ್ಲಿ ನಿಂತಿದ್ದ ಸರಕು ಹಡಗಿನೊಳಗೆ ಸಿಒ2 ಬಿಡುಗಡೆಯಾಗಿ 10 ಜನ ಸತ್ತರು, 19 ಮಂದಿಗೆ ಏಟಾಯಿತು. ಬೆಂಕಿ ಎಲ್ಲೂ ಇರಲಿಲ್ಲ.

ಬೇಕಾದಾಗ ಬಾರದೇ ಹೋಗುವುದೂ ಉಂಟು. 2010ರ ನವೆಂಬರಿನಲ್ಲಿ ಮೆಕ್ಸಿಕೋ ಕರಾವಳಿಯಾಚೆ ಕಾರ್ನಿವಲ್ ಸ್ಪ್ಲೆಂಡರ್ ಎಂಬ ಪ್ರಯಾಣಿಕ ಹಡಗಿನ ಇಂಜಿನ್ ರೂಮಿಗೆ ಬೆಂಕಿ ಬಿದ್ದಾಗ ಅದರ ಸಿಒ2 ವ್ಯವಸ್ಥೆ ಕೆಲಸ ಮಾಡಲಿಲ್ಲ, ಜೋಡಣೆಗಳಲ್ಲೇ ಸೋರಿತು. 2016ರಲ್ಲಿ ಎಡಿಸ್ಟೋನ್, 2017ರಲ್ಲಿ ರೆಡ್ ಈಗಲ್ ಎಂಬ ಬ್ರಿಟಿಷ್ ಹಡಗುಗಳಲ್ಲಿ ಯಾರೂ ಬಿಡದೆಯೇ ಗ್ಯಾಸ್ ಹೊರಬಿದ್ದು ಸಿಲಿಂಡರ್ ಕೋಣೆಯೊಳಗೇ ತುಂಬಿಕೊಂಡಿತು. ಆ ಕೋಣೆಯೊಳಗೆ ಯಾರೂ ಇರಲಿಲ್ಲವಾದ್ದರಿಂದ ಬಚಾವು. ಹಾಗಾಗಿ ಸಿಲಿಂಡರ್ ಕೋಣೆಯನ್ನು ಹಗ್ಗ, ಪೇಂಟು ಡಬ್ಬ, ರೇನ್‌ಕೋಟು ಇಡುವ ಗೋಡೌನ್ ಮಾಡಬೇಡಿ. ಸಾಮಾನು ಇಟ್ಟರೆ ಜನ ಹೋಗಿ ಬರುತ್ತಾರೆ. ಹೋಗುವ ಮುನ್ನ ಎಕ್ಸಾಸ್ಟ್ ಫ್ಯಾನ್ ಓಡಿಸಿ, ಅದರ ಹೀರುವ ಬಾಯಿ ನೆಲದ ಹತ್ತಿರ ಇದೆಯೇ ನೋಡಿ. ಎಷ್ಟೋ ಕಡೆ ಸೂರಿಗೆ ಹಾಕಿರುತ್ತಾರೆ!

ಉಳಿದದ್ದು ಬೇಗ ಹೇಳುತ್ತೇನೆ. ತಿಂಗಳಿಗೊಮ್ಮೆ ಕಣ್ಣಳತೆ: ತುಕ್ಕು, ಸಡಿಲ ಕ್ಲ್ಯಾಂಪು, ಸೀಲು, ಬೋರ್ಡು. ಗ್ಯಾಸ್ ಬಿಡುವ ಹಿಡಿಕೆ ಇರುವ ಬಿಡುಗಡೆ ಪೆಟ್ಟಿಗೆಯ ಬಾಗಿಲು ತೆರೆದ ತಕ್ಷಣ ಇಂಜಿನ್ ರೂಮಿನಲ್ಲಿ ಸೈರನ್ ಕೂಗಬೇಕು, ಬ್ಲೋವರ್ ನಿಲ್ಲಬೇಕು. ಇದನ್ನು ನೋಡುವಾಗ ಒಳಗಿನ ಹಿಡಿಕೆ ಮುಟ್ಟಬೇಡಿ. ಸೈರನ್ನಿಗೂ ಗ್ಯಾಸಿಗೂ ನಡುವೆ ಕನಿಷ್ಠ 20 ಸೆಕೆಂಡ್ ಇರಬೇಕು. ನಿಮ್ಮ ಅತಿ ನಿಧಾನದ ಮನುಷ್ಯ ಬಿಲ್ಜಿನಿಂದ (ಬೋಟಿನ ತಳದಿಂದ) ಎದ್ದು ಹೊರಬರಲು ಎಷ್ಟು ಹೊತ್ತು ಬೇಕು ಅಂತ ವಾಚ್ ಹಿಡಿದು ನೋಡಿ. ವರ್ಷಕ್ಕೊಮ್ಮೆ ಸರ್ವಿಸಿನವರು, ಎರಡು ವರ್ಷಕ್ಕೊಮ್ಮೆ ತೂಕ, ಸಿಲಿಂಡರಿನ ನೀರೊತ್ತಡ ಪರೀಕ್ಷೆ ಹತ್ತು ವರ್ಷ ಮೀರದಂತೆ. ನಿಮ್ಮ ಸರ್ವೇಯರ್ ಇದಕ್ಕಿಂತ ಬಿಗಿ ಹೇಳಿದರೆ ಅವರು ಹೇಳಿದ್ದೇ ಲೆಕ್ಕ.

ಸರ್ವಿಸ್ ದಿನ ಬೋಟಿನಲ್ಲಿ ನೀವೇ ಇರಿ, ಪಾಲುದಾರರನ್ನು ಕಳಿಸಬೇಡಿ. ಕೆಲಸ ಶುರುವಾಗುವ ಮುನ್ನ ಗ್ಯಾಸ್ ಹೊರಬರದಂತೆ ತಡೆಯುವ ಸೇಫ್ಟಿ ಪಿನ್‌ಗಳನ್ನು ಅವರು ಹಾಕುತ್ತಾರೆ, ಎಷ್ಟು ಅಂತ ಪೆಟ್ಟಿಗೆಯ ಬಾಗಿಲ ಮೇಲೆ ಮಾರ್ಕರಿನಲ್ಲಿ ಬರೆಯಿರಿ. ಮುಗಿದ ಮೇಲೆ ಅಷ್ಟೂ ಪಿನ್ ನಿಮ್ಮ ಅಂಗೈಗೆ ಬರಬೇಕು, ಬಿಚ್ಚಿದ ಪೈಲಟ್ ಲೈನ್ ಮತ್ತೆ ಕೂತಿರಬೇಕು. ಒಂದು ಬೋಟಿನಲ್ಲಿ ಎರಡು ಪಿನ್ ಹದಿನಾಲ್ಕು ತಿಂಗಳು ಹಾಗೇ ಇದ್ದವು. ಅಷ್ಟೂ ದಿನ ಅವರು ಸಮುದ್ರದಲ್ಲಿ ಓಡಾಡಿದ್ದು ಖಾಲಿ ಕೈಯಲ್ಲಿ, ಸರ್ಟಿಫಿಕೇಟ್ ಮಾತ್ರ ಫ್ರೇಮ್ ಹಾಕಿಸಿ ವೀಲ್‌ಹೌಸಿನಲ್ಲಿ ತೂಗುಹಾಕಿದ್ದರು.

ದೀಪ ಆರಿಸಿ ನೋಡಿದಾಗ ಎಷ್ಟು ಕಡೆ ಬೆಳಕು ಕಂಡಿತು ಅಂತ ತಿಳಿಸಿ. ಇದುವರೆಗೆ ನಾನು ಕಂಡ ದಾಖಲೆ ಹನ್ನೊಂದು.